ಎಳ್ಳಮಾವಾಸ್ಯೆಯ ದಿನ ರಸ್ತೆಯಲ್ಲಿ ಉಳಿದಾಕೆ

ನಾಳೆಯಿಂದ ಮಕ್ಕಳಿಗೆ ರಜೆ. ಅದು ನನಗೆ ಯಾರೂ ಹೇಳಬೇಕಾಗಿಲ್ಲ. ಈ ಸಭೆಯಲ್ಲಿ ಅರ್ಧ ಜನರ ಮನಸ್ಸು ಆಗಲೇ ಬಸ್ಸಿನ ಕಿಟಕಿ ಪಕ್ಕ ಕೂತಾಗಿದೆ, ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತೆ. ಹೋಗಿ ಬನ್ನಿ. ನಾನು ಬೇಡ ಅನ್ನುವವಳಲ್ಲ. ವರ್ಷವೆಲ್ಲ ದುಡಿದವರು ನಾಲ್ಕು ದಿನ ಊರು ನೋಡಿ ಬಂದರೆ ಅದರಲ್ಲಿ ತಪ್ಪೇನಿದೆ? ಆದರೆ ಹೋಗುವ ಮುಂಚೆ ಈ ನಿಮ್ಮ ಅಕ್ಕನಿಂದ ಒಂದು ದೃಷ್ಟಾಂತ ಕೇಳಿಕೊಂಡು ಹೋಗಿ.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ಶುರು ಮಾಡಬಹುದಿತ್ತು. ಹಾಗೆ ಶುರು ಮಾಡಿದರೆ ಏನಾಗುತ್ತೆ ಗೊತ್ತಾ? "ಅದು ನಮ್ಮೂರಲ್ಲ, ನಾನು ಶ್ರೀಮಂತನೂ ಅಲ್ಲ, ಈ ಕಥೆ ನನಗಲ್ಲ" ಅಂತ ನೀವು ಆರಾಮಾಗಿ ಗೋಡೆಗೆ ಒರಗಿ ಕೂತುಬಿಡ್ತೀರಿ. ಅದಕ್ಕೇ ಹೇಳ್ತೀನಿ, ಇದು ನಮ್ಮ ದಾವಣಗೆರೆ ಸೀಮೆಯಲ್ಲೇ ಆದದ್ದು. ಅಕ್ಕಿ ಗಿರಣಿ ಇಟ್ಟ ಒಬ್ಬ ಸಾಹುಕಾರರು. ನಿಜವಾದ ಹೆಸರು ಹೇಳಲ್ಲ, ಬಕ್ಕೇಶಪ್ಪ ಅಂತ ಇಟ್ಟುಕೊಳ್ಳೋಣ. ಅವರ ಮನೆಯಾಕೆ ನೀಲಮ್ಮ. ಮಗ ಮೃತ್ಯುಂಜಯ, ಸೊಸೆ ಪುಷ್ಪಲತಾ, ಇಬ್ಬರು ಮೊಮ್ಮಕ್ಕಳು. ಇಷ್ಟೇ ಸಂಸಾರ.

ಬಕ್ಕೇಶಪ್ಪನವರು ಕೆಟ್ಟವರಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ನಿಮಗೆ ಅವರ ಮೇಲೆ ಸಿಟ್ಟು ಬರುತ್ತೆ. ಶ್ರಾವಣದಲ್ಲಿ ದಾಸೋಹ ಮಾಡಿಸೋರು, ಬೆಳಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದವರು. ಆದರೆ ಅವರದ್ದೊಂದು ಸ್ವಭಾವ. ಎಲ್ಲವೂ ಅವರು ಅಂದುಕೊಂಡ ಹಾಗೇ ಆಗಬೇಕು. ಮದುವೆಗೆ ಹೋದರೂ ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಪಂಕ್ತಿಗೆ ಕೂರಬೇಕು ಅಂತ ಮನೆಯಲ್ಲೇ ತೀರ್ಮಾನ. ಅಂಥವರು ಪ್ರವಾಸ ಹೊರಟರೆ ಕೇಳಬೇಕಾ?

ನೀಲಮ್ಮನಿಗೆ ಒಂದು ಆಸೆ ಇತ್ತು. ಸೊಲ್ಲಾಪುರದಾಚೆ ದೂರದ ವೆರುಳಿನ ಜ್ಯೋತಿರ್ಲಿಂಗ ಘೃಷ್ಣೇಶ್ವರನ ದರ್ಶನ ಮಾಡಬೇಕು ಅಂತ. ಮದುವೆಯಾದ ಹೊಸದರಲ್ಲಿ ಒಮ್ಮೆ ಬಾಯಿಬಿಟ್ಟು ಕೇಳಿದ್ದರು, ಆಮೇಲೆ ಕೇಳಲಿಲ್ಲ. ಹೋದ ವರ್ಷ ಮಕ್ಕಳಿಗೆ ಕ್ರಿಸ್‌ಮಸ್ ರಜೆ ಬಂದಾಗ ಬಕ್ಕೇಶಪ್ಪನವರೇ ಅಂದರು, "ನಡಿಯೇ, ಈ ಸಲ ನಿನ್ನ ಘೃಷ್ಣೇಶ್ವರನ್ನ ತೋರಿಸಿಯೇಬಿಡ್ತೀನಿ." ಎರಡು ಗಾಡಿ. ಒಂದನ್ನ ತಾವೇ ಓಡಿಸೋದು, ಇನ್ನೊಂದನ್ನ ಮಗ. ಉಳಿಯೋದು ಎಲ್ಲಿ, ಉಣ್ಣೋದು ಎಲ್ಲಿ, ಎಲ್ಲಾ ಮುಂಚೆಯೇ ನಿಕ್ಕಿ. ಮೊದಲ ರಾತ್ರಿ ವಿಜಯಪುರ. ಮಾರನೆಯ ದಿನ ನಸುಕಿನಲ್ಲಿ ಹೊರಟು ಸಂಜೆಯ ಆರತಿಗೆ ವೆರುಳು. ದಾರಿಯಲ್ಲಿ ಎಲ್ಲೂ ತಡ ಮಾಡೋ ಹಾಗಿಲ್ಲ.

ಎಲ್ಲಾ ನಿಕ್ಕಿಯಾಗಿತ್ತು ನೋಡಿ. ಎಲ್ಲಾ. ಒಂದು ಮಾತ್ರ ಯಾರೂ ನೋಡಿರಲಿಲ್ಲ. ಅವತ್ತು ಎಳ್ಳಮಾವಾಸ್ಯೆ.

ನಮ್ಮ ಕಡೆ ಅದು ಅಷ್ಟು ದೊಡ್ಡ ಹಬ್ಬವಲ್ಲ. ಆ ಕಡೆ ಹೋಗಿ ನೋಡಿ, ವಿಜಯಪುರ, ಕಲಬುರಗಿ ಕಡೆ. ಊರಿಗೆ ಊರೇ ಬೀಗ ಹಾಕಿ ಹೊಲಕ್ಕೆ ಹೋಗುತ್ತೆ. ಬುಟ್ಟಿಯಲ್ಲಿ ರೊಟ್ಟಿ, ಕಡುಬು, ಹೋಳಿಗೆ, ಪಲ್ಯ ಕಟ್ಟಿಕೊಂಡು ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಹೊಲದ ಸುತ್ತ ಅನ್ನ ಚೆಲ್ಲಿಕೊಂಡು ಬರ್ತಾರೆ. ಅದಕ್ಕೆ ಚರಗ ಅಂತಾರೆ. ಹಕ್ಕಿಗೂ ಇರುವೆಗೂ ಸಿಗಲಿ ಅಂತ. ಆಮೇಲೆ ಎಲ್ಲರೂ ಬೆಳೆಯ ನಡುವೆ ಕೂತು ಉಣ್ಣೋದು.

ಸರಿ. ಎರಡು ಗಾಡಿ ಸೊಲ್ಲಾಪುರದ ದಾರಿ ಹಿಡಿದವು. ಸ್ವಲ್ಪ ದೂರ ಹೋಗೋ ಹೊತ್ತಿಗೆ ಮಕ್ಕಳಿಗೆ ಹಸಿವು, ದೊಡ್ಡವರಿಗೆ ಚಹಾ ಬೇಕು. ರಸ್ತೆ ಬದಿ ಒಂದು ಚಹಾದಂಗಡಿ ಕಂಡಿತು. ಅಂಗಡಿಯಾಕೆ ಆಗಲೇ ಬಾಗಿಲಿನ ತಟ್ಟಿ ಎಳೆಯೋದರಲ್ಲಿದ್ದಳು. ಭೌರವ್ವ ಅಂತ ಅವಳ ಹೆಸರು. "ಇವತ್ತ ಅಮಾಸಿ ಐತ್ರಿ, ಬಂದ್ ಮಾಡಾಕತ್ತೀನಿ" ಅಂದಳು. ಮಕ್ಕಳ ಮುಖ ನೋಡಿ, "ಆಗಲೇಳ್ರಿ, ಕುಂಡ್ರಿ" ಅಂತ ಮತ್ತೆ ಒಲೆ ಹೊತ್ತಿಸಿದಳು.

ಚಹಾ ಕುಡಿದರು. ಅಷ್ಟೊತ್ತಿಗೆ ಮೊಮ್ಮಕ್ಕಳು ನೀಲಮ್ಮನ ಸೆರಗು ಹಿಡಿದು, "ಅಜ್ಜಿ, ಇಲ್ಲಿಂದ ನಮ್ಮ ಗಾಡೀಲಿ ಬಾ" ಅಂತ ಹಟ ಮಾಡಿದವು. "ಬರ್ತೀನಿ, ಹೋಗಿ ಕೂತ್ಕೊಳ್ಳಿ" ಅಂದರು ನೀಲಮ್ಮ. ಬಕ್ಕೇಶಪ್ಪನವರಿಗೆ ಅದು ಕೇಳಿಸಿತು. ನೀಲಮ್ಮ ತಮ್ಮ ಕೈಚೀಲವನ್ನ ಗಂಡನ ಗಾಡಿಯ ಹಿಂದಿನ ಸೀಟಿನಲ್ಲೇ ಬಿಟ್ಟು, ಅಂಗಡಿ ಹಿಂದೆ ಬಯಲ ಕಡೆಗೆ ಹೋದರು. ದೂರದ ಪ್ರಯಾಣ, ಹೆಣ್ಣುಮಕ್ಕಳಿಗೆ ದಾರಿಯಲ್ಲಿ ಬೇರೆ ವ್ಯವಸ್ಥೆ ಎಲ್ಲಿದೆ? ಜೋಳದ ಬೆಳೆ ಆಳೆತ್ತರ ನಿಂತಿತ್ತು, ಮರೆಗೆ ಒಂದಿಷ್ಟು ದೂರವೇ ಹೋದರು.

ಇತ್ತ ಬಕ್ಕೇಶಪ್ಪನವರು ಹಾರ್ನ್ ಹೊಡೆದರು. ತಡ ಆಗ್ತಿದೆಯಲ್ಲ! ತಡ! ಹೊರಟೇಬಿಟ್ಟರು. ನೀಲಮ್ಮ ಮಕ್ಕಳ ಗಾಡಿಯಲ್ಲಿದ್ದಾಳೆ ಅಂತ ಅವರ ಲೆಕ್ಕ. ಹಿಂದಿನ ಗಾಡಿಯಲ್ಲಿ ಸೊಸೆ ಕೇಳಿದಳು, "ರೀ, ಅತ್ತೆ ಎಲ್ಲಿ? ನಮ್ಮ ಜೊತೆ ಬರ್ತೀನಿ ಅಂದಿದ್ರಲ್ಲ?" ಮಗ ಗಾಡಿ ಚಾಲೂ ಮಾಡುತ್ತಾ ಏನಂದ ಗೊತ್ತಾ? "ಅಪ್ಪನ ಗಾಡೀಲಿ ಇರ್ತಾಳೆ ಬಿಡು."

ಇರ್ತಾಳೆ.

ಇದ್ದಾಳೆ ಅನ್ನಲಿಲ್ಲ, ನೋಡಿದ್ದರೆ ತಾನೆ ಇದ್ದಾಳೆ ಅನ್ನೋದು? ಇರ್ತಾಳೆ ಅಂದ. ಸ್ವಾಮಿ, ನಾವು ದೇವರ ವಿಷಯದಲ್ಲೂ ಹೀಗೇ ಅಲ್ಲವಾ? "ದೇವರಿದ್ದಾನಾ?" ಅಂತ ಯಾರಾದರೂ ಕೇಳಿದರೆ, "ಇರ್ತಾನೆ ಬಿಡಪ್ಪ, ಎಲ್ಲೋ ಇರ್ತಾನೆ." ಹಿಂದೆ ತಿರುಗಿ ನೋಡಿದವರು ಎಷ್ಟು ಜನ?

ಇರಲಿ. ಕಥೆಗೆ ಬರ್ತೀನಿ.

ಭೌರವ್ವ ಲೋಟ ತೊಳೆದು, ತಟ್ಟಿ ಎಳೆದು, ರಸ್ತೆ ದಾಟಿ ತನ್ನ ಹೊಲಕ್ಕೆ ಹೋದಳು. ಎರಡು ಗಾಡಿ ಹೋದದ್ದನ್ನ ಕಂಡಿದ್ದಳು, ಎಲ್ಲರೂ ಹೋದರು ಅಂತಲೇ ತಿಳಿದಳು. ನೀಲಮ್ಮ ಬೆಳೆಯಿಂದ ಹೊರಗೆ ಬಂದು ನೋಡ್ತಾರೆ, ರಸ್ತೆ ಖಾಲಿ. ಅಂಗಡಿ ಬಂದ್. ಒಂದು ನಾಯಿಯೂ ಇಲ್ಲ.

ಅವರೇ ನನಗೆ ಹೇಳಿದರು, "ಅಕ್ಕಾ, ಮೊದಲು ನಗು ಬಂತು. ಗಾಡಿ ತಿರುಗಿಸೋಕೆ ಮುಂದೆ ಹೋಗಿದ್ದಾರೆ ಅಂದ್ಕೊಂಡೆ. ಆಮೇಲೆ ತಮಾಷೆ ಮಾಡ್ತಿದ್ದಾರೆ ಅಂದ್ಕೊಂಡೆ. ಆಮೇಲೆ ನನ್ನ ಕಾಲು ನಡುಗೋಕೆ ಶುರುವಾಯ್ತು." ಕೈಯಲ್ಲಿ ಮೊಬೈಲ್ ಇಲ್ಲ, ಚೀಲ ಇಲ್ಲ. ಊರು ಯಾವುದೋ ಗೊತ್ತಿಲ್ಲ. ಹೋಗುವ ಲಾರಿಗಳಿಗೆ ಕೈ ಮಾಡೋಕೆ ಭಯ. ಆದರೆ ತಾಯಂದಿರೇ, ಅವರಿಗೆ ಎಲ್ಲಕ್ಕಿಂತ ಹೆಚ್ಚು ಎದೆಗೆ ಹೊಡೆದದ್ದು ಅದಲ್ಲ. "ನನ್ನ ಜಾಗ ಖಾಲಿ ಇರೋದು ಇಷ್ಟು ಜನರಲ್ಲಿ ಒಬ್ಬರಿಗೂ ಕಾಣಲಿಲ್ಲವಾ ಅಂತ ಅನ್ನಿಸ್ತು ಅಕ್ಕಾ. ಹಾಗೇ ಅಂಗಡಿ ಕಟ್ಟೆ ಮೇಲೆ ಕುಸಿದು ಕೂತೆ."

ಈಗ ಇತ್ತ ಬನ್ನಿ. ಸೊಲ್ಲಾಪುರ ದಾಟಿ ಬಹಳ ದೂರ ಹೋದ ಮೇಲೆ ಗೊತ್ತು ಮಾಡಿದ್ದ ಹೋಟೆಲ್ ಬಂತು. ಬಕ್ಕೇಶಪ್ಪನವರಿಗೆ ಖುಷಿ, ಅಂದುಕೊಂಡ ಹೊತ್ತಿಗೇ ತಲುಪಿದ್ದೀವಿ ಅಂತ. ಎಲ್ಲರಿಗೂ ಒಟ್ಟಿಗೆ ಹಿಡಿಸೋ ಮೇಜು ನೋಡಿ ತಾವೇ ಮೊದಲು ಕೂತರು. ಮಗ ಬಂದ, ಸೊಸೆ ಬಂದಳು, ಮಕ್ಕಳು ಬಂದವು. ಒಂದು ಕುರ್ಚಿ ಖಾಲಿ.

"ನಿಮ್ಮಮ್ಮ ಎಲ್ಲೋ?" ಅಂದರು ಬಕ್ಕೇಶಪ್ಪ.

"ಅಮ್ಮ? ಅಮ್ಮ ನಿನ್ನ ಗಾಡೀಲಿ ಅಲ್ವಾ?"

"ನನ್ನ ಗಾಡೀಲಾ? ನಿಮ್ಮ ಗಾಡೀಲಿ ಬರ್ತೀನಿ ಅಂದ್ಲಲ್ಲೋ!"

ಸೊಸೆಯ ಕೈಯಲ್ಲಿದ್ದ ನೀರಿನ ಲೋಟ ಮೇಜಿನ ಮೇಲೆ ಬಿದ್ದು ಉರುಳಿತು. ಮಗ ತಾಯಿಯ ನಂಬರಿಗೆ ಫೋನ್ ಹಚ್ಚಿದ. ರಿಂಗ್ ಆಗ್ತಿದೆ, ಎತ್ತುತ್ತಿಲ್ಲ. ಓಡಿ ಹೊರಗೆ ಬಂದ. ಎಲ್ಲಿಂದ ಕೇಳಿಸ್ತಿದೆ ಆ ಸದ್ದು? ಅಪ್ಪನ ಗಾಡಿಯ ಒಳಗಿಂದ. ಹಿಂದಿನ ಸೀಟಿನ ಮೇಲೆ ಆ ಕೈಚೀಲ, ಅದರೊಳಗೆ ಮೊಬೈಲು. ಬಾಗಿಲು ತೆಗೆಯೋಕೆ ಧೈರ್ಯ ಬರದೆ ಅಪ್ಪ ಮಗ ಇಬ್ಬರೂ ಗಾಜಿನ ಹೊರಗೆ ನಿಂತುಕೊಂಡು ಆ ಚೀಲವನ್ನೇ ನೋಡ್ತಾ ನಿಂತರಂತೆ.

ಕೇಳಿ ನನಗೇ ದಂಗು ಬಡಿದಂತಾಯ್ತು. ಒಂದು ಹೆಣ್ಣುಜೀವ. ಮನೆಯ ಯಜಮಾನಿ. ಆ ಪ್ರವಾಸ ಯಾರ ಆಸೆಗೆ ಅಂತ ಹೊರಟಿತ್ತೋ ಅವಳೇ ಗಾಡಿಯಲ್ಲಿಲ್ಲ! ಸೂಟ್‌ಕೇಸ್ ಎಣಿಸಿದ್ದರು. ನೀರಿನ ಬಾಟಲಿ ಎಣಿಸಿದ್ದರು. ಜನರನ್ನ ಎಣಿಸಲಿಲ್ಲ.

ಊಟ ಅಲ್ಲೇ ಬಿಟ್ಟರು. ಬಕ್ಕೇಶಪ್ಪನವರು ಸ್ಟೀರಿಂಗ್ ಹಿಡಿಯೋ ಸ್ಥಿತಿಯಲ್ಲೇ ಇರಲಿಲ್ಲ. ಅವರ ಗಾಡಿಯನ್ನ ಅಲ್ಲೇ ಹೋಟೆಲಿನ ಮುಂದೆ ಬಿಟ್ಟು ಎಲ್ಲರೂ ಮಗನ ಗಾಡಿ ಹತ್ತಿ ವಾಪಸ್ ತಿರುಗಿದರು. ದಾರಿಯಲ್ಲಿ ಏನು ನಡೀತು ಅಂತೀರಿ? ನಮ್ಮ ಮನೆಗಳಲ್ಲಿ ಏನು ನಡೆಯುತ್ತೋ ಅದೇ.

"ನೀನು ಹಾರ್ನ್ ಹೊಡೆದು ಹೊಡೆದು ಅವಸರ ಮಾಡಿದ್ದಕ್ಕೇ ಆಗಿದ್ದು ಅಪ್ಪಾ."

"ಹಿಂದೆ ಬರೋನು ನೀನು! ನೋಡಬೇಕಾಗಿರಲಿಲ್ಲವಾ?"

"ನಾನು ಕೇಳಿದೆ ಮಾವಾ, ಇವರೇ ಇರ್ತಾರೆ ಬಿಡು ಅಂದರು."

ಹೀಗೆ ಒಬ್ಬರ ಮೇಲೊಬ್ಬರು. ಮನುಷ್ಯರ ಮೇಲೆ ಹಾಕಿ ಮುಗಿದ ಮೇಲೆ ಉಳಿದವನು ಯಾರು? ಶಿವ. ಬಕ್ಕೇಶಪ್ಪನವರು ಕೊರಳಿನ ಲಿಂಗ ಹಿಡಿದುಕೊಂಡು ಜೋರಾಗಿ ಅಂದರಂತೆ, "ನಿನಗೇನು ಕಡಿಮೆ ಮಾಡಿದ್ದೆ ನಾನು? ದೀಪ ತಪ್ಪಿಸಿದ್ನಾ? ದಾಸೋಹ ತಪ್ಪಿಸಿದ್ನಾ? ನಿನ್ನನ್ನೇ ನೋಡೋಕೆ ಹೊರಟವರಿಗೆ ಹೀಗೆ ಮಾಡ್ತೀಯಾ?" ಕೊಟ್ಟಿದ್ದನ್ನೆಲ್ಲ ಎತ್ತಿ ಆಡಿ ದೇವರನ್ನೇ ಹಂಗಿಸಿದರು.

ಮಗ ಪೊಲೀಸರಿಗೆ ಫೋನ್ ಮಾಡಿದ. ಆ ಕಡೆಯವರು ಸಮಾಧಾನದಿಂದಲೇ ವಿಚಾರಿಸಿದರು. ಹೆಸರು? ಹೇಳಿದ. ವಯಸ್ಸು? ಹೇಳಿದ. "ಯಾವ ಬಣ್ಣದ ಸೀರೆ ಉಟ್ಟಿದ್ದಾರೆ?"

ಮಗ ಅಪ್ಪನ ಮುಖ ನೋಡಿದ. ಬಕ್ಕೇಶಪ್ಪನವರು ತಮ್ಮನ್ನೇ ಕೇಳಿಕೊಂಡರು, ಹಸಿರಾ? ಮಗ ನೀಲಿ ಅಂದ. ಸೊಸೆ ಕಂದು ಬಣ್ಣ ಅಂದಳು, ಆಮೇಲೆ ಅಲ್ಲ, ಅದು ನಿನ್ನೆಯದು ಅಂದಳು. ಬೆಳಗ್ಗೆಯಿಂದ ಜೊತೆಗಿದ್ದವಳು! ಮೂರು ಜನ ದೊಡ್ಡವರು, ಒಬ್ಬರಿಗೂ ಗೊತ್ತಿಲ್ಲ.

ನಗ್ತಿದ್ದೀರಾ? ಈ ಬದಿಯ ಗಂಡಸರು ಸ್ವಲ್ಪ ಕಣ್ಣು ಮುಚ್ಚಿ. ನಿಮ್ಮ ಮನೆಯಾಕೆ ಇವತ್ತು ಏನು ಉಟ್ಟುಕೊಂಡು ಈ ಸಭೆಗೆ ಬಂದಿದ್ದಾರೆ, ತಿರುಗಿ ನೋಡದೆ ಹೇಳಿ ನೋಡೋಣ. ನಗು ನಿಂತಿತಲ್ಲ? ಬಕ್ಕೇಶಪ್ಪನವರಿಗೂ ಅಲ್ಲೇ ಮಾತು ನಿಂತಿತು. ಆಮೇಲೆ ಯಾರೂ ಯಾರನ್ನೂ ಬೈಯಲಿಲ್ಲ.

ಅಂಗಡಿ ಹತ್ತಿರ ಬಂದರು. ಕಟ್ಟೆ ಖಾಲಿ! "ನೀಲಾ!" ಅಂತ ಕೂಗಿದರು ಬಕ್ಕೇಶಪ್ಪ. ಮದುವೆಯಾಗಿ ಅಷ್ಟು ವರ್ಷಕ್ಕೆ ಹೆಂಡತಿಯ ಹೆಸರು ಹಿಡಿದು ಬೀದಿಯಲ್ಲಿ ಕೂಗಿದ್ದು ಅದೇ ಮೊದಲಂತೆ. ಉತ್ತರ ಇಲ್ಲ. ಅಂಗಡಿ ಹಿಂದೆ ಓಡಿದರು. ಬೆಳೆಯಲ್ಲಿ ನುಗ್ಗಿ ನೋಡಿದರು. ಅಲ್ಲೊಂದು ಬಾವಿ. ಕಟ್ಟೆ ಇಲ್ಲದ ಹಳೇ ಬಾವಿ, ಅಂಚಿನವರೆಗೂ ಹುಲ್ಲು ಬೆಳೆದಿದೆ.

ತಾಯಂದಿರೇ, ಆ ಮನುಷ್ಯ ಆ ಬಾವಿಯ ಅಂಚಿನಲ್ಲಿ ಮಂಡಿಯೂರಿ ಕೂತರು. ಬಗ್ಗಿ ನೋಡಬೇಕು, ಆದರೆ ನೋಡೋಕೆ ಆಗ್ತಿಲ್ಲ. ಆಗ ಅವರ ಬಾಯಲ್ಲಿ ದೀಪ, ದಾಸೋಹ ಒಂದೂ ಬರಲಿಲ್ಲ. "ಶಿವನೇ, ನನ್ನ ಕೈಲಿ ಏನೂ ಇಲ್ಲ" ಅಂದರು. ಅಷ್ಟೇ. ಅಷ್ಟು ವರ್ಷ ಪೂಜೆ ಮಾಡಿದವರು, ಮೊದಲ ಸಲ ನಿಜವಾಗಿ ಬೇಡಿಕೊಂಡದ್ದು ಆ ಬಾವಿಯ ಅಂಚಿನಲ್ಲಿ. ಆಮೇಲೆ ಬಗ್ಗಿ ನೋಡಿದರು. ನೀರು ಸ್ತಬ್ಧವಾಗಿತ್ತು, ಆಕಾಶ ಕಾಣ್ತಿತ್ತು.

ಹಿಂದಿನಿಂದ ಒಂದು ದನಿ ಬಂತು. "ಯಾರ್ರಿ ಅದು? ಬಾವ್ಯಾಗ ಏನ್ ನೋಡಾಕತ್ತೀರಿ?"

ರುಮಾಲು ಸುತ್ತಿದ ಒಬ್ಬ ರೈತ. ಭೌರವ್ವನ ಗಂಡ ಸಿದರಾಯ. ಗಾಡಿ ನಿಂತ ಸದ್ದು, ಕೂಗು ಕೇಳಿ ರಸ್ತೆ ದಾಟಿ ಬಂದಿದ್ದ.

"ನನ್ನ ಹೆಂಡತಿ..." ಅಂದರು ಬಕ್ಕೇಶಪ್ಪ.

"ನೀಲಕ್ಕಾರೇನ್ರಿ? ನಮ್ಮ ಹೊಲದಾಗ ಅದಾರ ಬರ್ರಿ."

ಏನಾಗಿತ್ತು ಅಂದರೆ, ಭೌರವ್ವ ಚರಗ ಚೆಲ್ಲುತ್ತಾ ಚೆಲ್ಲುತ್ತಾ ಹೊಲದ ಅಂಚಿಗೆ, ರಸ್ತೆ ಬದಿಗೆ ಬಂದಿದ್ದಳು. ನೋಡ್ತಾಳೆ, ತನ್ನ ಅಂಗಡಿ ಕಟ್ಟೆ ಮೇಲೆ ಒಬ್ಬ ಹೆಣ್ಣುಮಗಳು ಬಿಸಿಲಿನಲ್ಲಿ ಕೂತಿದ್ದಾಳೆ. ಅನ್ನದ ಪಾತ್ರೆ ಕಂಕುಳಲ್ಲಿಟ್ಟುಕೊಂಡೇ ಓಡಿ ಬಂದಳು.

"ಯಕ್ಕಾ, ನಿಮ್ಮ ಗಾಡಿ ಮುಂಜಾನೆನ ಹೋದೂವಲ್ಲ! ನೀವು ಇಲ್ಲ್ಯಾಕ ಕುಂತೀರಿ?"

"ಬಿಟ್ಟು ಹೋದರಮ್ಮ."

"ಅಯ್ಯ ಶಿವನ! ಬಿಟ್ಟ್ ಹೋದ್ರ?" ಅಂತ ಭೌರವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ನಂಬರ್ ಹೇಳ್ರಿ, ಫೋನ್ ಹಚ್ಚೂಣು."

ನೀಲಮ್ಮನಿಗೆ ಗಂಡನ ನಂಬರ್ ಬಾಯಿಪಾಠ ಇಲ್ಲ. ಮಗನದ್ದೂ ಇಲ್ಲ. ಯಾರಿಗಿದೆ ಈಗ? ಮೊಬೈಲಿನಲ್ಲಿ 'ಮನೆಯವರು' ಅಂತ ಒತ್ತಿದರೆ ಹೋಗ್ತಿತ್ತು, ಮುಗೀತು.

"ಇರಲಿ, ಏಳ್ರಿ. ಬಿಸಲಾಗ ಕುಂತ್ರ ಅವ್ರು ಜಲ್ದಿ ಬರ್ತಾರೇನು? ಇವತ್ತ ಚರಗ ಐತಿ, ಹಸ್ತು ಕುಂಡ್ರಬಾರ್ದು. ಗಾಡಿ ಬಂದ್ರ ನಮಗ ಕೇಳಸ್ತೈತಿ, ಬರ್ರಿ" ಅಂತ ಕೈ ಹಿಡಿದು ಎಬ್ಬಿಸಿದಳು.

ಸರಿ, ಸಿದರಾಯನ ಹಿಂದೆ ಬಕ್ಕೇಶಪ್ಪನವರು ರಸ್ತೆ ದಾಟಿ, ಜೋಳದ ಸಾಲಿನಲ್ಲಿ ಎಡವುತ್ತಾ ಓಡಿದರು. ಒಂದು ಬೂಟು ಮಣ್ಣಿನಲ್ಲೇ ಕಳಚಿ ಉಳೀತು. ಬೆಳೆ ಮುಗಿದು ಕಡಲೆ ಹೊಲ ಬಂತು. ಹತ್ತಿಪ್ಪತ್ತು ಜನ ಕೌದಿ ಹಾಸಿ ಕೂತಿದ್ದಾರೆ. ನಡುವೆ ನೀಲಮ್ಮ! ಸೆರಗು ಸೊಂಟಕ್ಕೆ ಸಿಗಿಸಿಕೊಂಡು, ಯಾರದೋ ಮಗುವಿಗೆ ಕಡುಬು ಮುರಿದು ಕೊಡ್ತಾ ಇದ್ದಾರೆ.

ಗಂಡನನ್ನ ಕಂಡರು. ನೀವೇನು ಅಂದುಕೊಳ್ತೀರಿ, ಬೈದರಾ? ಅತ್ತರಾ? "ಊಟ ಆಯ್ತಾ ನಿಮ್ಮದು?" ಅಂದರು.

ಬಕ್ಕೇಶಪ್ಪನವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅಷ್ಟು ಜನರ ಎದುರಿಗೆ, ಗಿರಣಿ ಸಾಹುಕಾರರು, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಮಗ ಬಂದು ತಾಯಿಯ ಕಾಲು ಹಿಡಿದ. ಸೊಸೆ ತಬ್ಬಿಕೊಂಡಳು. ಹೊಲದ ಹೆಂಗಸರೂ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ಸ್ವಲ್ಪ ಸಮಾಧಾನ ಆದ ಮೇಲೆ ಬಕ್ಕೇಶಪ್ಪನವರು ಕೇಳಿದರು, "ಹೆದರಿಕೆ ಆಗಲಿಲ್ಲವೇನೇ?"

"ಯಾಕೆ ಆಗಲಿಲ್ಲ? ಆಯ್ತು."

"ಆದರೂ ನಾನು ಬಂದೇ ಬರ್ತೀನಿ ಅನ್ನೋ ನಂಬಿಕೆ ಇತ್ತಲ್ಲ?"

ನೀಲಮ್ಮ ಸುಳ್ಳು ಹೇಳುವ ಹೆಂಗಸಲ್ಲ. "ಇರಲಿಲ್ಲ" ಅಂದರು.

ಬಕ್ಕೇಶಪ್ಪನವರ ಮುಖ ಬಿಳುಚಿತು.

"ಇರಲಿಲ್ಲ ರೀ. ನೀವು ಯಾವಾಗ ನೋಡ್ಕೊಳ್ತೀರೋ, ಎಲ್ಲಿ ನೋಡ್ಕೊಳ್ತೀರೋ, ನನಗೆ ಹೇಗೆ ಗೊತ್ತಾಗಬೇಕು? ಕಟ್ಟೆ ಮೇಲೆ ಕೂತು ಶಿವನಿಗೆ ಹೇಳಿದೆ, ಇವರು ಬಂದರೂ ನೀನಿರು, ಬರದಿದ್ದರೂ ನೀನಿರು ಅಂತ. ಅಷ್ಟು ಹೇಳಿದ ಮೇಲೆ ಕಾಲು ನಡುಗೋದು ನಿಂತಿತು. ಆಮೇಲೆ ಇವಳು ಬಂದು ಕೈ ಹಿಡಿದಳು. ಎದ್ದು ಬಂದೆ."

ಕೇಳಿದಿರಾ? ಇನ್ನೊಮ್ಮೆ ಕೇಳಿ. ಇವರು ಬಂದರೂ ನೀನಿರು, ಬರದಿದ್ದರೂ ನೀನಿರು.

ನಾವು ಹೇಗೆ ನಂಬ್ತೀವಿ? ಗಾಡಿ ಸರಿಯಾಗಿ ತಲುಪಿಸಿದರೆ ನೀನಿದ್ದೀಯ, ಕೆಟ್ಟು ನಿಂತರೆ ನೀನಿಲ್ಲ. ರೂಮು ಸಿಕ್ಕರೆ ನಿನ್ನ ಕೃಪೆ, ಸಿಗದಿದ್ದರೆ ನಿನ್ನ ಕೋಪ. ಇದು ನಂಬಿಕೆಯಾ? ಆ ತಾಯಿ ಬೇಡಿದ್ದು ಗಾಡಿಯನ್ನಲ್ಲ, ಗಂಡನನ್ನೂ ಅಲ್ಲ. ಅವನನ್ನೇ ಬೇಡಿದಳು. ಹಾಗೆ ಬೇಡಿದವಳಿಗೆ, ಅಪರಿಚಿತೆ ಬಂದು ಕೈ ಚಾಚಿದಾಗ ಅನುಮಾನ ಬರಲಿಲ್ಲ.

ಮುಂದಿನದು ಕೇಳಿ. ಬಕ್ಕೇಶಪ್ಪನವರು ಕಣ್ಣು ಒರೆಸಿಕೊಂಡು ಎದ್ದರು. ಹಳೇ ಸ್ವಭಾವ ಎಲ್ಲಿ ಹೋಗುತ್ತೆ? "ಈಗ ಹೊರಟರೆ ಸಂಜೆಯ ಆರತಿ ತಪ್ಪಿದರೂ ಬೆಳಗಿನ ದರ್ಶನ ಸಿಗುತ್ತೆ, ನಡಿ ನಡಿ" ಅಂದರು.

"ನಾನು ಬರಲ್ಲ" ಅಂದರು ನೀಲಮ್ಮ.

"ಏನಂದೆ?"

"ನೀವಿನ್ನೂ ಉಂಡಿಲ್ಲ. ಮಕ್ಕಳು ಉಂಡಿಲ್ಲ. ಇವರು ಎಲೆ ಹಾಕ್ತಿದ್ದಾರೆ. ಉಣ್ಣದೆ ಹೊರಟರೆ ಯಾವ ಘೃಷ್ಣೇಶ್ವರ ಮೆಚ್ಚುತ್ತಾನೆ? ನನಗೆ ಇವತ್ತು ಇಲ್ಲಿಂದ ಏಳೋ ಮನಸ್ಸಿಲ್ಲ. ನೀವು ಬೇಕಾದರೆ ಹೋಗಿ."

ಗಂಡನ ಮಾತಿಗೆ ಎದುರಾಡದ ಹೆಂಗಸು! ಮಗ ಸೊಸೆ ಇಬ್ಬರೂ ಬೆಪ್ಪಾಗಿ ನಿಂತರು. ಬಕ್ಕೇಶಪ್ಪನವರು ರಸ್ತೆ ಕಡೆ ನೋಡಿದರು, ಹೆಂಡತಿಯ ಕಡೆ ನೋಡಿದರು. ಆಮೇಲೆ ಉಳಿದ ಇನ್ನೊಂದು ಬೂಟನ್ನೂ ಬಿಚ್ಚಿಟ್ಟು ಕೌದಿ ಮೇಲೆ ಕೂತರು. ಭೌರವ್ವ ಸಜ್ಜೆ ರೊಟ್ಟಿ ಹಾಕಿದಳು, ಎಣ್ಣೆಗಾಯಿ ಹಾಕಿದಳು, ಮೇಲೆ ಮೊಸರು. "ಉಣ್ರಿ ಸಾಹುಕಾರ್ರ, ನಾಚಬ್ಯಾಡ್ರಿ" ಅಂದಳು. ಮೊಮ್ಮಕ್ಕಳು ಕಡಲೆ ಗಿಡ ಕಿತ್ತು ಹಸಿ ಕಡಲೆ ತಿಂದವು. ಬಕ್ಕೇಶಪ್ಪನವರು ರೊಟ್ಟಿ ಬಾಯಿಗೆ ಇಟ್ಟುಕೊಳ್ಳುವ ಮುಂಚೆ ಮೊದಲ ತುತ್ತನ್ನ ಹೆಂಡತಿಯ ಎಲೆಗೆ ಹಾಕಿದರು. ಯಾರೂ ನೋಡಲಿಲ್ಲ ಅಂದುಕೊಂಡರು. ಎಲ್ಲರೂ ನೋಡಿದ್ದರು.

ಈಗ ನೀವು ಒಂದು ಮಾತಿಗೆ ಕಾಯ್ತಾ ಇದ್ದೀರಿ. ನನಗೆ ಗೊತ್ತು. "ಆಮೇಲೆ ತಿಳಿದದ್ದೇನೆಂದರೆ, ಅದೇ ದಿನ ಆ ರಸ್ತೆಯಲ್ಲಿ ಮುಂದೆ ದೊಡ್ಡ ಅಪಘಾತ ಆಗಿತ್ತು, ದೇವರು ಇವರನ್ನ ಉಳಿಸಿದ" ಅಂತ ನಾನು ಹೇಳಬೇಕು. ಅಲ್ಲವಾ? ಇಲ್ಲ. ರಸ್ತೆ ಚೆನ್ನಾಗಿತ್ತು. ಹೋದವರೆಲ್ಲ ಸುಖವಾಗಿ ತಲುಪಿದರು, ಆರತಿ ನೋಡಿದರು, ಫೋಟೋ ತೆಗೆಸಿಕೊಂಡು ಬಂದರು. ಬಕ್ಕೇಶಪ್ಪನವರ ರಜೆ ಮಾತ್ರ ಕೆಟ್ಟಿತು. ರಾತ್ರಿ ವಿಜಯಪುರದಲ್ಲೇ ತಂಗಿ, ಮರುದಿನ ಮಗ ಹೋಗಿ ಬಿಟ್ಟುಬಂದ ಗಾಡಿ ತಂದ. ಅಷ್ಟರಲ್ಲಿ ಚಿಕ್ಕ ಮಗುವಿಗೆ ಜ್ವರ. ಊರಿಗೆ ತಿರುಗಿದರು. ನೀಲಮ್ಮ ಇವತ್ತಿನವರೆಗೂ ಘೃಷ್ಣೇಶ್ವರನನ್ನ ನೋಡಿಲ್ಲ.

ಮತ್ತೆ ದೇವರು ಮಾಡಿದ್ದೇನು ಅಂತ ಕೇಳ್ತೀರಾ? "ಅವಳನ್ನ ಮರೆಸಿದ್ದೂ ಅವನೇ, ಬುದ್ಧಿ ಕಲಿಸೋಕೆ" ಅಂತ ಹೇಳೋರು ಇದ್ದಾರೆ. ನಾನು ಹೇಳಲ್ಲ. ಮರೆತದ್ದು ನಾವು. ನಮ್ಮ ಮರೆವನ್ನ ತೊಗೊಂಡು ಹೋಗಿ ಅವನ ತಲೆಗೆ ಕಟ್ಟಬೇಡಿ. ಅವನು ಮರೆಯಲಿಲ್ಲ, ಅಷ್ಟು ಸಾಕು. ಎರಡು ಗಾಡಿ ತುಂಬ ಜನ ಇದ್ದರೂ ಕಾಣದ ಹೆಣ್ಣುಮಗಳು, ಇರುವೆಗೆ ಅನ್ನ ಚೆಲ್ಲುತ್ತಿದ್ದವಳ ಕಣ್ಣಿಗೆ ಕಂಡಳು. ಅವನು ಹಾಗೇ ಬರೋದು. ಆಕಾಶದಿಂದ ಇಳಿದು ಬರ್ತಾನೆ ಅಂತ ಮೇಲೆ ನೋಡ್ತಾ ಕೂತವರಿಗೆ, ಪಕ್ಕದಲ್ಲಿ ನಿಂತು "ಏಳ್ರಿ" ಅನ್ನುವವಳು ಕಾಣಿಸೋದೇ ಇಲ್ಲ.

ಆದ್ದರಿಂದ ಬಂಧುಗಳೇ, ಹೋಗಿ ಬನ್ನಿ. ಮುಂಚೆಯೇ ಟಿಕೆಟ್ ಮಾಡಿಸಿ, ರೂಮು ಗೊತ್ತು ಮಾಡಿ, ಅದರಲ್ಲಿ ಪಾಪ ಏನಿಲ್ಲ. ಆದರೆ ಅಂದುಕೊಂಡದ್ದೇ ದೇವರು ಅಂತ ಮಾಡಿಕೊಳ್ಳಬೇಡಿ. ರೈಲು ತಪ್ಪಿತು, ಮಳೆ ಹಿಡೀತು, ಮಗು ಹಾಸಿಗೆ ಹಿಡೀತು, ಬಾಗಿಲಿಗೆ ಬಂದ ಮೇಲೆ ದೇವಸ್ಥಾನ ಮುಚ್ಚಿತು. ಆಗುತ್ತೆ. ಆಗ ನಿಮ್ಮ ಬಾಯಿಂದ ಮೊದಲು ಹೊರಡುವ ಮಾತು ಯಾವುದು? "ಯಾರಿಂದ ಆಯ್ತು ಇದು?" ಅನ್ನೋದು. ಆ ಮಾತನ್ನ ನುಂಗಿಬಿಡಿ. "ಎಲ್ಲರೂ ಇದ್ದೀವಾ?" ಅಂತ ಕೇಳಿ. ಒಬ್ಬೊಬ್ಬರ ಮುಖ ನೋಡಿ ಕೇಳಿ. ಎಲ್ಲರೂ ಇದ್ದರೆ ಇನ್ನೇನು ಕೆಟ್ಟಿದೆ?

ಮನೆ ಬಿಡುವಾಗ ದೇವರ ಜಗುಲಿಯ ಮುಂದೆ ನಿಂತು, "ಏನೂ ಆಗದ ಹಾಗೆ ನೋಡ್ಕೋ" ಅಂತ ಬೇಡ್ತೀರಲ್ಲ, ಅದನ್ನ ಬದಲಿಸಿ. ಏನೇ ಆದರೂ ನಮ್ಮ ಕೈ ಬಿಡಬೇಡ ಅನ್ನಿ. ಅಷ್ಟೇ ಸಾಕು. ದಾರಿಯಲ್ಲಿ ಸಿಕ್ಕಿಬಿದ್ದಾಗ ಹಳ್ಳಿಯವರು ನೀರು ಕೊಟ್ಟರೆ, ಕೂರಿ ಅಂದರೆ, ಬಿಗುಮಾನ ಬಿಟ್ಟು ಕೂರಿ. ಉಣ್ಣಿ ಅಂದರೆ ಉಣ್ಣಿ. ಊರು ಬಿಟ್ಟು ಎಲ್ಲೂ ಹೋಗದವರು ಇಲ್ಲಿದ್ದೀರಿ, ಅವರಿಗೂ ಒಂದು ಮಾತು. ಈ ರಜೆಯಲ್ಲಿ ನಿಮ್ಮ ಬೀದಿಗೂ ಯಾರೋ ಪರವೂರಿನವರು ದಾರಿ ತಪ್ಪಿ ಬರ್ತಾರೆ, ಬಸ್ ಸಿಗದೆ ಕೂತಿರ್ತಾರೆ. ನೋಡಿಯೂ ನೋಡದವರ ಹಾಗೆ ಬಾಗಿಲು ಹಾಕಿಕೊಳ್ಳಬೇಡಿ. ಯಾರದೋ ಪ್ರಾರ್ಥನೆಗೆ ಉತ್ತರ ನಿಮ್ಮ ಕೈಯಲ್ಲೇ ಇರಬಹುದು.

ರಜೆ ಮುಗಿಸಿಕೊಂಡು ಬಂದ ಮೇಲೆ ಏನೇನು ನೋಡಿದಿರಿ ಅಂತ ನಾನು ಕೇಳಲ್ಲ. ಏನು ತಪ್ಪಿತು, ತಪ್ಪಿದಾಗ ನೀವು ಹೇಗಿದ್ದಿರಿ ಅಂತ ಕೇಳ್ತೀನಿ. ಅದಕ್ಕೆ ತಯಾರಾಗಿ ಬನ್ನಿ.

ಪ್ರಸಾದ ಸಿದ್ಧವಾಗಿದೆ ಅಂತ ಹೇಳಿಕಳಿಸಿದ್ದಾರೆ. ನೂಕಾಡಬೇಡಿ. ಏಳುವ ಮುಂಚೆ ಪಕ್ಕದಲ್ಲಿ ಯಾರು ಕೂತಿದ್ದಾರೆ ಒಮ್ಮೆ ನೋಡಿ. ಒಬ್ಬರೇ ಬಂದವರಿದ್ದರೆ ಕೈ ಹಿಡಿದು ಎಬ್ಬಿಸಿ, ನಿಮ್ಮ ಪಂಕ್ತಿಯಲ್ಲೇ ಕೂರಿಸಿಕೊಳ್ಳಿ.